ಡಲ್ಲಾಸ್‌ನಲ್ಲಿದ್ದೇನೆ, ಗ್ರೀನ್ ಕಾರ್ಡ್ ಬಂತು. ಸಪ್ರೆಸರ್ (ಸದ್ದು ತಗ್ಗಿಸುವ ಕೊಳವೆ) ಹಾಕಿದ ಮೋಟು ನಳಿಗೆಯ ರೈಫಲ್ ಕಾನೂನು ಪ್ರಕಾರ ಕಟ್ಟಿಕೊಳ್ಳುವುದು ಹೇಗೆ?

ಹತ್ತೂವರೆ ಇಂಚಿನ ನಳಿಗೆ, 5.56 ತೋಟೆ, ಹಂದಿ ಬೇಟೆ, ನೋಂದಣಿ ಟ್ರಸ್ಟಿನ ಹೆಸರಲ್ಲೋ ಸ್ವಂತ ಹೆಸರಲ್ಲೋ ಅನ್ನುವ ಗೊಂದಲ. ಐದಾರು ವರ್ಷದ ಹಿಂದೆ ಇದೇ ಟೆಕ್ಸಸ್‌ನಲ್ಲಿ ಕೂತು ನಾನು ಕೇಳಿದ ಪ್ರಶ್ನೆ ಇದು. ಇಂಚು ಕೂಡ ಅದೇ.

ನನ್ನದು ವಿರಾಜಪೇಟೆ ಕಡೆ. ಮನೆಯಲ್ಲಿ ಅಜ್ಜನ ಕಾಲದ ಜೋಡು ನಳಿಗೆ ಕೋವಿ ಇತ್ತು. ಕೈಲ್ ಪೊಳ್ದ್, ಅಂದರೆ ಕೊಡವರ ಆಯುಧಪೂಜೆಯ ಹಬ್ಬದ ದಿನ ಅದರ ಬಾಯಿಗೆ ತೋಕ್ ಪೂ (ಕೋವಿ ಹೂ) ಸಿಕ್ಕಿಸಿ ಪೂಜೆ ಮಾಡುತ್ತಿದ್ದೆವು. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆಯಲ್ಲ, ಹಾಗಾಗಿ ಕೋವಿಯ ಕಾಗದ ಅಂದರೆ ನನ್ನ ಪಾಲಿಗೆ ಅಜ್ಜನ ಟ್ರಂಕಿನಲ್ಲಿದ್ದ ಆ ವಿನಾಯಿತಿ ಪತ್ರ ಒಂದೇ. ಅದೇ ಧೈರ್ಯದಲ್ಲಿ ಇಲ್ಲೂ ಕೈ ಹಾಕಿದೆ. ಕೋವಿ ಗೊತ್ತಿತ್ತು, ಕಾಗದ ಗೊತ್ತಿರಲಿಲ್ಲ.

ಇಲ್ಲಿಯ ಲೆಕ್ಕ 1934ರ ನ್ಯಾಷನಲ್ ಫೈರ್‌ಆರ್ಮ್ಸ್ ಆ್ಯಕ್ಟ್‌ನದ್ದು. ಭುಜಕ್ಕೆ ಕೊಟ್ಟು ಹೊಡೆಯುವ ರೈಫಲ್ಲಿನ ನಳಿಗೆ 16 ಇಂಚಿಗಿಂತ ಗಿಡ್ಡವಿದ್ದರೆ, ಅಥವಾ ಒಟ್ಟು ಉದ್ದ 26 ಇಂಚಿಗಿಂತ ಕಡಿಮೆ ಇದ್ದರೆ, ಬಂದೂಕುಗಳನ್ನು ನೋಡಿಕೊಳ್ಳುವ ಫೆಡರಲ್ ಸಂಸ್ಥೆ ಎಟಿಎಫ್‌ನಲ್ಲಿ ನೋಂದಾಯಿಸಲೇಬೇಕು. ಆ ಮಸೂದೆಯಲ್ಲಿ ಮೊದಲು ಪಿಸ್ತೂಲು, ರಿವಾಲ್ವರುಗಳೂ ಇದ್ದವು. ಜನ ರೈಫಲ್ ಕತ್ತರಿಸಿ ಪಿಸ್ತೂಲಿನಂತೆ ಬಚ್ಚಿಡಬಾರದು ಅಂತ ಈ ಉದ್ದದ ನಿಯಮ. ಕೊನೆಗೆ ಪಿಸ್ತೂಲನ್ನೇ ಕೈಬಿಟ್ಟರು, ನಿಯಮ ಉಳಿಯಿತು. ತೋಟ ಮಾರಿಹೋದರೂ ಬೇಲಿ ನಿಂತಿದ್ದ ಹಾಗೆ.

ನೀವೇ ಕಟ್ಟುವುದಾದರೆ ಫಾರ್ಮ್ 1, ಅಂದರೆ ಎಟಿಎಫ್‌ಗೆ ಹಾಕುವ ತಯಾರಿಕೆಯ ಅರ್ಜಿ. ಒಪ್ಪಿಗೆ ಬರುವ ತನಕ ಜೋಡಿಸುವಂತಿಲ್ಲ. "ಗಿಡ್ಡ ನಳಿಗೆಯ ಅಪ್ಪರ್ (ರೈಫಲ್ಲಿನ ಮೇಲರ್ಧ) ಡಿಸ್ಕೌಂಟಿನಲ್ಲಿದೆ, ಈಗಲೇ ತೆಗೆದಿಡಲಾ?" ಅಂತಲೂ ಕೇಳಿದ್ದೀರಿ. ಬೇಡ. ಜೋಡಿಸದಿದ್ದರೂ ಭಾಗಗಳು ಕೈಯಲ್ಲಿದ್ದರೆ ಜೋಡಿಸಿದಂತೆಯೇ ಲೆಕ್ಕ ಹಿಡಿಯಬಹುದು. 1992ರಲ್ಲಿ ಥಾಂಪ್ಸನ್ ಸೆಂಟರ್ ಕಂಪನಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದದ್ದು, ಅವರ ಬಿಡಿಭಾಗಗಳನ್ನು ಕಾನೂನಿಗೆ ಒಪ್ಪುವ ರೀತಿಯಲ್ಲೂ ಜೋಡಿಸಬಹುದಿತ್ತು ಅನ್ನುವ ಕಾರಣಕ್ಕೆ. ಮನೆಯಲ್ಲಿ ಇರುವುದು ಒಂದೇ ರೈಫಲ್ ಆದರೆ ನಿಮ್ಮ ಆ ಗಿಡ್ಡ ಅಪ್ಪರ್ ಕೂರುವುದಾದರೂ ಎಲ್ಲಿ? ಐವತ್ತು ಡಾಲರ್ ಉಳಿಸಲು ಹೋಗಿ ಫೆಡರಲ್ ಕೇಸು ತಲೆ ಮೇಲೆ ಎಳೆದುಕೊಳ್ಳಬೇಡಿ.

ಈ ತಪ್ಪನ್ನು ನಾನು ಮಾಡಲಿಲ್ಲ. ನನ್ನದು ಬೇರೆ, ಯಾರೂ ಹೇಳದೇ ಇರುವಂಥದ್ದು. ಹೆಸರು.

ಫಾರ್ಮ್ 1ರಲ್ಲಿ ನೀವೇ 'ತಯಾರಕ'. ಆದ್ದರಿಂದ ತಯಾರಕನ ಹೆಸರು, ಊರು, ರಾಜ್ಯವನ್ನು ಲೋಹದಲ್ಲಿ ಕೊರೆಸಬೇಕು, ಕನಿಷ್ಠ 0.003 ಇಂಚು ಆಳ. ಸೀರಿಯಲ್ ನಂಬರ್ ಕಂಪನಿಯದ್ದೇ ಇರುತ್ತದೆ, ಅದು ಸಾಕು. ಟ್ರಸ್ಟ್ ಮೂಲಕ ಅರ್ಜಿ ಹಾಕಿದರೆ ಕೊರೆಸಬೇಕಾದ್ದು ಟ್ರಸ್ಟಿನ ಹೆಸರು. ನನ್ನ ಟ್ರಸ್ಟಿಗೆ ನನ್ನ ಹೆಸರನ್ನೇ ಇಟ್ಟಿದ್ದೆ. ನನ್ನ ಹೆಸರು ಯಾವುದು? ಊರಿನಲ್ಲಿ ಮೊದಲು ಮನೆಪೆದ (ಒಕ್ಕದ, ಅಂದರೆ ಮನೆತನದ ಹೆಸರು), ಆಮೇಲೆ ನನ್ನ ಹೆಸರು, ಕೊನೆಗೆ ಅಪ್ಪನದು. ಪಾಸ್‌ಪೋರ್ಟ್ ಮಾಡಿಸುವಾಗ ಅಪ್ಪನ ಹೆಸರು ಸರ್‌ನೇಮ್ ಆಯಿತು. ಇಲ್ಲಿ ಡ್ರೈವಿಂಗ್ ಲೈಸೆನ್ಸ್ ಮಾಡಿಸಿದಾಗ ಮನೆಪೆದವೇ ಫಸ್ಟ್ ನೇಮ್ ಆಗಿ, ನನ್ನ ನಿಜವಾದ ಹೆಸರು ನಡುವಿನ ಒಂದಕ್ಷರಕ್ಕೆ ಇಳಿಯಿತು. ಆಫೀಸಿನಲ್ಲಿ ಇಂದಿಗೂ ಎಲ್ಲರೂ ನನ್ನನ್ನು ಇಡೀ ಒಕ್ಕದ ಹೆಸರಿನಿಂದ ಕರೆಯುತ್ತಾರೆ, ಅದೊಂದು ಬೇರೆ ಕಥೆ. ಟ್ರಸ್ಟ್ ಪತ್ರದಲ್ಲಿ ಪಾಸ್‌ಪೋರ್ಟಿನ ಪೂರ್ತಿ ಹೆಸರು ಹಾಕಿಸಿದ್ದೆ. ಫಾರ್ಮ್ ತುಂಬುವಾಗ ಲೈಸೆನ್ಸ್ ಎದುರಿಗಿತ್ತು, ಅದನ್ನೇ ನೋಡಿ ಟ್ರಸ್ಟಿನ ಹೆಸರು ಬರೆದೆ. ನಡುವಿನ ಹೆಸರು ಹೋಗಿ ಒಂದಕ್ಷರ ಕೂತಿತು.

ಇಷ್ಟೇ ಆಗಿದ್ದರೆ ಇನ್ನೊಮ್ಮೆ ಅರ್ಜಿ ಹಾಕಿದರೆ ಮುಗಿಯುತ್ತಿತ್ತು. ಆದರೆ ಒಪ್ಪಿಗೆ ಬರುವ ಹೊತ್ತಿಗೆ ಎಲ್ಲ ತಯಾರಿರಲಿ ಅನ್ನುವ ಆತುರದಲ್ಲಿ ಲೋವರ್ ರಿಸೀವರನ್ನು (ಸೀರಿಯಲ್ ನಂಬರ್ ಇರುವ ಕೆಳಭಾಗ) ಕೊರೆಯುವವನ ಬಳಿ ಕೊಟ್ಟಿದ್ದೆ. ಫಾರ್ಮಿನಲ್ಲಿದ್ದ ಅದೇ ಹೆಸರನ್ನು ಅವನು ಚೆಂದವಾಗಿ ಕೊರೆದುಕೊಟ್ಟ. ಕೆಲವು ವಾರದ ನಂತರ ಅರ್ಜಿ ತಿರಸ್ಕಾರವಾಗಿ ಬಂತು: ಟ್ರಸ್ಟ್ ಪತ್ರದ ಹೆಸರಿಗೂ ಅರ್ಜಿಯ ಹೆಸರಿಗೂ ತಾಳೆಯಾಗುತ್ತಿಲ್ಲ. ಉಜ್ಜಿ ತೆಗೆಯುತ್ತೀಯಾ ಅಂತ ಕೇಳಿದರೆ ಕೊರೆದವನು ಎರಡು ಹೆಜ್ಜೆ ಹಿಂದೆ ಸರಿದ. ನನ್ನ ಹೆಸರು ಸೀರಿಯಲ್ ನಂಬರಿಗೆ ಅರ್ಧ ಇಂಚು ದೂರದಲ್ಲಿತ್ತು. ಆ ನಂಬರಿಗೆ ಉಜ್ಜುಗಲ್ಲು ತಾಗಿ ಒಂದಂಕಿ ಅಳಿದರೂ ಅದೇ ಒಂದು ಫೆಡರಲ್ ಅಪರಾಧ. ಇನ್ನೊಂದು ಬದಿಗೆ ಸರಿಯಾದ ಹೆಸರು ಕೊರೆಸಬಹುದಿತ್ತು. ಒಂದೇ ಕೋವಿಗೆ ಇಬ್ಬರು ತಯಾರಕರು ಅಂತ ಯಾವ ಪೊಲೀಸಿಗೆ ವಿವರಿಸುತ್ತಾ ನಿಲ್ಲಲಿ? ಹೊಸ ಲೋವರ್ ಕೊಂಡೆ. ಹೊಸ ಸೀರಿಯಲ್, ಹೊಸ ಅರ್ಜಿ, ಮತ್ತೆ ಬೆರಳಚ್ಚು, ಮತ್ತೆ 200 ಡಾಲರ್ ತೆರಿಗೆ. ಹಳೆಯ 200 ವಾಪಸು ಬಂತು, ಆದರೆ ಆ ವರ್ಷದ ಚಳಿಗಾಲ ವಾಪಸು ಬರಲಿಲ್ಲ. ಮೂಗಿಗಿಂತ ಮೂಗುತಿ ಭಾರ ಅಂತ ಹೆಂಡತಿ ಅಂದಳು. ನಾನು ಸುಮ್ಮನಿದ್ದೆ.

ನೀವು ಕೊಡವರೇ ಆಗಬೇಕಿಲ್ಲ. ಊರಿನ ಹೆಸರು, ಅಪ್ಪನ ಹೆಸರು ಇನಿಷಿಯಲ್ಲಿನಲ್ಲಿ ಇಟ್ಟುಕೊಂಡು ವಿಮಾನ ಹತ್ತಿದ ಪ್ರತಿ ಕನ್ನಡಿಗನಿಗೂ ಈ ಗುಂಡಿ ಕಾದಿದೆ.

ಈಗ 2026ರ ಜನವರಿ 1ರಿಂದ ಮೋಟು ರೈಫಲ್ಲಿಗೂ ಸಪ್ರೆಸರಿಗೂ ಆ 200 ಡಾಲರ್ ತೆರಿಗೆ ಸೊನ್ನೆಯಾಗಿದೆ. ಹೋದದ್ದು ತೆರಿಗೆ ಮಾತ್ರ. ನೋಂದಣಿ, ಬೆರಳಚ್ಚು, ಫೋಟೋ ಎಲ್ಲ ಹಾಗೇ ಇವೆ.

ಟ್ರಸ್ಟೋ ಸ್ವಂತವೋ ಅಂದರೆ ಕಣ್ಣು ಮುಚ್ಚಿಕೊಂಡು ಟ್ರಸ್ಟ್. ಸ್ವಂತ ಹೆಸರಲ್ಲಿದ್ದರೆ, ನೀವು ಎರಡು ತಿಂಗಳು ಊರಿಗೆ ಹೋದಾಗ ಹೆಂಡತಿಗೆ ಕೋವಿ ಇಟ್ಟ ಬೀರುವಿನ ಲಾಕ್ ನಂಬರ್ ಗೊತ್ತಿರುವುದೇ ತೊಡಕು, ಏಕೆಂದರೆ ನೋಂದಣಿ ನಿಮ್ಮೊಬ್ಬರ ಹೆಸರಲ್ಲೇ ಇದೆ. ಟ್ರಸ್ಟಿನಲ್ಲಿ ಅವರೂ ಟ್ರಸ್ಟಿಯಾದರೆ ಅವರ ಬೆರಳಚ್ಚೂ ಹೋಗುತ್ತದೆ, ತಲೆನೋವು ಇಲ್ಲ. ಎಚ್1ಬಿಯಲ್ಲಿರುವ ಗೆಳೆಯರ ಕೈಗೆ ಮಾತ್ರ "ಒಮ್ಮೆ ಹೊಡೆದು ನೋಡು" ಅಂತ ಕೊಟ್ಟುಬಿಡಬೇಡಿ. ಬೇಟೆ ಲೈಸೆನ್ಸಿನಂಥ ವಿನಾಯಿತಿ ಇಲ್ಲದಿದ್ದರೆ ಆ ವೀಸಾದವರು ಬಂದೂಕು ಮುಟ್ಟುವಂತಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ, ನನ್ನನ್ನು ಕೇಳಿದರೆ ಕಟ್ಟಲೇ ಬೇಡಿ. ಹತ್ತೂವರೆ ಇಂಚಿನ ನಳಿಗೆಗೆ ಆರೇಳು ಇಂಚಿನ ಸಪ್ರೆಸರ್ ತಿರುಗಿಸಿ ಹಾಕಿದರೆ ಎಷ್ಟಾಯಿತು? ಕತ್ತರಿಸಿದ್ದನ್ನು ಮತ್ತೆ ಅಂಟಿಸಿದ ಹಾಗೆ. ಆದರೂ ಕಾನೂನಿಗೆ ಅದು ಹತ್ತೂವರೆಯೇ, ಏಕೆಂದರೆ ಬೋಲ್ಟ್ ಮುಚ್ಚಿ ಒಳಗೆ ಕಡ್ಡಿ ಇಳಿಸಿ ಅಳೆಯುವಾಗ, ಬೆಸುಗೆ ಹಾಕಿ ಕಾಯಂ ಮಾಡಿದ್ದು ಮಾತ್ರ ನಳಿಗೆಯ ಲೆಕ್ಕಕ್ಕೆ ಬರುತ್ತದೆ. ನೀವು ಹೇಳುತ್ತಿರುವ 5.56 ತೋಟೆ ಎಂ16ರ 20 ಇಂಚಿನ ನಳಿಗೆಯಲ್ಲಿ ಬೆಳೆದದ್ದು. ಅದನ್ನು ಅರ್ಧ ಮಾಡಿದರೆ ಗುಂಡಿನ ವೇಗ ಇಳಿಯುತ್ತದೆ, ಬೆಂಕಿಯೂ ಸದ್ದೂ ನಿಮ್ಮ ಮುಖಕ್ಕೇ ಹತ್ತಿರವಾಗುತ್ತವೆ. ಗಿಡ್ಡವೇ ಬೇಕೆಂಬ ಹಠವಿದ್ದರೆ .300 ಬ್ಲ್ಯಾಕೌಟ್ ನೋಡಿ, ಅದು ಗಿಡ್ಡ ನಳಿಗೆಗಾಗಿಯೇ ಹುಟ್ಟಿದ್ದು.

ಸಪ್ರೆಸರ್ ಮಾತ್ರ ಬಿಡಬೇಡಿ. ಕಂಪನಿಯಲ್ಲಿ ತಯಾರಾದದ್ದನ್ನು ಅಂಗಡಿಯಿಂದ ಫಾರ್ಮ್ 4ರಲ್ಲಿ (ಎಟಿಎಫ್‌ನ ವರ್ಗಾವಣೆ ಅರ್ಜಿ) ಕೊಳ್ಳಿ, ಮನೆಯಲ್ಲಿ ಮಾಡುವ ಸಾಹಸ ಬೇಡ. ಸಿನಿಮಾದಲ್ಲಿ ತೋರಿಸುವಂತೆ 'ಪುಸ್' ಅನ್ನುವುದಿಲ್ಲ, ಗುಂಡು ಶಬ್ದದ ವೇಗ ಮೀರಿದ ಮೇಲೆ ಛಟೀರ್ ಇದ್ದೇ ಇರುತ್ತದೆ. ಆದರೆ ಕಿವಿ ಉಳಿಯುತ್ತದೆ. ಅಜ್ಜನಿಗೆ ಕೊನೆಗಾಲದಲ್ಲಿ ಬಲಗಿವಿ ಪೂರ್ತಿ ಹೋಗಿತ್ತು.

ಒಕ್ಲಹೋಮಾದ ಗೆಳೆಯನ ಜಾಗಕ್ಕೆ ಹಂದಿಗೆ ಹೋಗುವುದಿದ್ದರೂ ಅಷ್ಟೇ: ಮೋಟು ರೈಫಲ್ಲನ್ನು ರಾಜ್ಯದ ಗಡಿ ದಾಟಿಸಲು ಎಟಿಎಫ್‌ಗೆ 5320.20 ಫಾರ್ಮ್ ಹಾಕಿ ಮೊದಲೇ ಒಪ್ಪಿಗೆ ಪಡೆಯಬೇಕು, ಸಪ್ರೆಸರಿಗೆ ಅದು ಬೇಕಿಲ್ಲ. ನಾಳೆ ಕೆಲಸ ಬದಲಾಗಿ ಕ್ಯಾಲಿಫೋರ್ನಿಯಾಕ್ಕೋ ನ್ಯೂಜೆರ್ಸಿಗೋ ಹೊರಟರೆ ಎರಡನ್ನೂ ಇಲ್ಲೇ ಬಿಟ್ಟು ಹೋಗಬೇಕು. ನಮ್ಮವರು ಹೆಚ್ಚಾಗಿ ಹೋಗುವುದು ಆ ಎರಡು ಕಡೆಗೇ.

ನಾನು ಈಗ ಹೊರಗೆ ಒಯ್ಯುವುದು 16 ಇಂಚಿನದ್ದನ್ನೇ. ತಪ್ಪು ಹೆಸರು ಕೊರೆದ ಆ ಹಳೆಯ ಲೋವರ್ ಅದರಲ್ಲೇ ಇದೆ. ಕಷ್ಟಪಟ್ಟು ಕಟ್ಟಿದ ಮೋಟು ರೈಫಲ್ ಬೀರುವಿನಲ್ಲಿದೆ.

ಅಂದಹಾಗೆ, ನಿಮ್ಮ ಗ್ರೀನ್ ಕಾರ್ಡಿನಲ್ಲಿ ಇನಿಷಿಯಲ್ ಬಿಡಿಸಿ ಬರೆದಿದೆಯಾ? ಮೊದಲು ಅದನ್ನು ನೋಡಿ ಹೇಳಿ.