ಹರಕೆ ಬಾಕಿ ಉಳಿದಿದ್ದಕ್ಕೆ ಮಗುವಿಗೆ ಕಾಯಿಲೆ ಬರುವುದಿಲ್ಲ

ಪ್ರೀತಿಯ ತಂಗಿ,

ಹೆಸರು ಹಾಕಬೇಡಿ ಎಂದು ಕೇಳಿದ್ದೀರಿ. ಹಾಕಿಲ್ಲ. ಊರನ್ನೂ ಬಿಟ್ಟು ಹೊಳಲ್ಕೆರೆ ತಾಲ್ಲೂಕು ಎಂದಷ್ಟೇ ಹೇಳುತ್ತೇನೆ.

ಬೇರೆ ಓದುಗರಿಗಾಗಿ ನಿಮ್ಮ ಪತ್ರದ ವಿಷಯ ಇಷ್ಟು. ನಾಲ್ಕು ವರ್ಷದ ಮಗ ಬೆಳಿಗ್ಗೆ ಏಳುವಾಗ ಕಣ್ಣಿನ ಸುತ್ತ ಊದಿಕೊಂಡಿರುತ್ತಿದ್ದ. ಹುಳ ಕಚ್ಚಿದೆ ಎಂದುಕೊಂಡಿರಿ, ದೃಷ್ಟಿ ತೆಗೆದಿರಿ. ಒಂದು ದಿನ ಸ್ನಾನ ಮಾಡಿಸುವಾಗ ಉಡಿದಾರ ಸೊಂಟದಲ್ಲಿ ಗೆರೆ ಮೂಡಿಸಿದ್ದು ಕಂಡು ಗಾಬರಿಯಾಯಿತು. ದಾವಣಗೆರೆಯ ಆಸ್ಪತ್ರೆಯಲ್ಲಿ ಸೇರಿಸಿಕೊಂಡು ನೆಫ್ರೋಟಿಕ್ ಸಿಂಡ್ರೋಮ್ ಎಂಬ ಕಿಡ್ನಿ ಕಾಯಿಲೆ ಎಂದರು. ನಿಮ್ಮ ಅತ್ತೆ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಗೆ ಹರಕೆ ಹೊತ್ತರು: ಜಾತ್ರೆಗೆ ಬಂದು ಕೊಬ್ಬರಿ ಸುಡುತ್ತೇವೆ, ಮಗುವಿನ ಮುಡಿ ಕೊಡುತ್ತೇವೆ ಎಂದು. ಮಗು ಚೇತರಿಸಿಕೊಂಡಿತು. ಜಾತ್ರೆ ಬಂದಾಗ ಡಾಕ್ಟರು ಜನಜಂಗುಳಿಗೆ ಬೇಡ ಎಂದರು, ನೀವು ಹೋಗಲಿಲ್ಲ. ಆಮೇಲೆ ಒಂದು ನೆಗಡಿ ಬಂತು, ಹಿಂದೆಯೇ ಮುಖ ಮತ್ತೆ ಊದಿತು. ಅತ್ತೆ ಆಡಿದ ಮಾತು ಒಂದೇ: "ಹೇಳಿದ್ದೆ ಅಲ್ವಾ, ಸ್ವಾಮಿ ಬಾಕಿ ಇಟ್ಟುಕೊಳ್ಳಲ್ಲ." ಬೆಂಗಳೂರಿನ ನಿಮ್ಮ ಅಣ್ಣ ಫೋನಿನಲ್ಲಿ ತಾಯಿತ, ದಾರ ಎಲ್ಲ ಕಿತ್ತು ಬಿಸಾಡು ಎಂದು ರೇಗಿದರು. ಯಜಮಾನರು ಮಾತೇ ಆಡುತ್ತಿಲ್ಲ. "ನನ್ನ ಕೈಯಿಂದಲೇ ಮಗನಿಗೆ ಹೀಗಾಯಿತಾ?" ಎಂದು ನೀವು ಕೇಳಿದ್ದೀರಿ.

ಇಲ್ಲ ತಂಗಿ. ಹರಕೆ ಬಾಕಿ ಉಳಿದಿದ್ದಕ್ಕೂ ಕಾಯಿಲೆ ಮರುಕಳಿಸಿದ್ದಕ್ಕೂ ಸಂಬಂಧವಿಲ್ಲ. ಇದನ್ನು ಸಮಾಧಾನಕ್ಕೆ ಹೇಳುತ್ತಿಲ್ಲ. ಮರುಕಳಿಸುವುದು ಈ ಕಾಯಿಲೆಯ ಗುಣ. ಹರಕೆ ತೀರಿಸಿದ ಮನೆಯಲ್ಲೂ ಮರುಕಳಿಸುತ್ತದೆ, ಹರಕೆಯನ್ನೇ ಹೊರದ ಮನೆಯಲ್ಲೂ ಮರುಕಳಿಸುತ್ತದೆ.

ಕಿಡ್ನಿ ಒಂದು ಜರಡಿ ಇದ್ದ ಹಾಗೆ. ಕಸ ಹೊರಗೆ ಹೋಗಬೇಕು, ಸತ್ವ ರಕ್ತದಲ್ಲೇ ಉಳಿಯಬೇಕು. ಈ ಕಾಯಿಲೆಯಲ್ಲಿ ಪ್ರೊಟೀನ್ ಉಚ್ಚೆಯಲ್ಲಿ ಸೋರಿಹೋಗುತ್ತದೆ. ಉಚ್ಚೆ ನೊರೆನೊರೆಯಾಗುತ್ತದೆ. ರಕ್ತದಲ್ಲಿ ಪ್ರೊಟೀನ್ ಇಳಿದಾಗ ನೀರು ಮೈಯಲ್ಲಿ ಸೇರಿಕೊಳ್ಳುತ್ತದೆ: ಬೆಳಿಗ್ಗೆ ಕಣ್ಣಿನ ಸುತ್ತ, ಸಂಜೆಗೆ ಕಾಲಲ್ಲಿ, ಜಾಸ್ತಿಯಾದರೆ ಹೊಟ್ಟೆಯಲ್ಲಿ. ಎರಡರಿಂದ ಆರು ವರ್ಷದ ಮಕ್ಕಳಲ್ಲೇ ಇದು ಹೆಚ್ಚು, ಅದರಲ್ಲೂ ಗಂಡುಮಕ್ಕಳಲ್ಲಿ. ಹತ್ತು ಮಕ್ಕಳಲ್ಲಿ ಎಂಟು ಒಂಬತ್ತು ಮಕ್ಕಳಿಗೆ ಸ್ಟೀರಾಯ್ಡ್ ಮಾತ್ರೆ ಹಿಡಿಯುತ್ತದೆ. ಬಹಳಷ್ಟು ಮಕ್ಕಳಲ್ಲಿ ನಾಲ್ಕು ವಾರದೊಳಗೇ ಪ್ರೊಟೀನ್ ಸೋರುವುದು ನಿಲ್ಲುತ್ತದೆ. ಹಾಗೆ ಗುಣ ಕಂಡ ಮಕ್ಕಳಲ್ಲೂ ಅರ್ಧಕ್ಕಿಂತ ಹೆಚ್ಚು ಮಂದಿಗೆ ಇದು ಮತ್ತೆ ಬರುತ್ತದೆ. ಮತ್ತೆ ಬರುವುದಕ್ಕೆ ನೆಗಡಿ, ಕೆಮ್ಮು, ಜ್ವರವೇ ಎಷ್ಟೋ ಸಲ ನೆಪ. ನಿಮ್ಮ ಮಗನಿಗೂ ಆಗಿದ್ದು ಅದೇ. ಮಾತ್ರೆ ಹಿಡಿಯುವ ಮಕ್ಕಳಲ್ಲಿ ಹೆಚ್ಚಿನವರು ದೊಡ್ಡವರಾಗುತ್ತಾ ಇದರಿಂದ ಹೊರಬರುತ್ತಾರೆ, ಕಿಡ್ನಿಯೂ ಚೆನ್ನಾಗಿಯೇ ಇರುತ್ತದೆ. ಇದನ್ನು ಎರಡು ಸಲ ಓದಿ. ಅತ್ತೆಯವರಿಗೂ ಓದಿ ಹೇಳಿ.

ಅವರ ಮೇಲೆ ನನಗೆ ಕೋಪವಿಲ್ಲ. ನಿಮ್ಮ ಪತ್ರದಲ್ಲೇ ಇದೆ, ಮೊಮ್ಮಗ ವಾರ್ಡಿನಲ್ಲಿದ್ದಷ್ಟು ದಿನ ಆ ಹಿರಿಯ ಜೀವ ರಾತ್ರಿ ವರಾಂಡದಲ್ಲಿ ಚಾಪೆ ಹಾಸಿಕೊಂಡು ಮಲಗಿತ್ತು. ಬೆಳಗಿನ ಜಾವ ಎದ್ದು, ನಲ್ಲಿಯಲ್ಲಿ ಮುಖ ತೊಳೆದು, ಹಣೆಗೆ ವಿಭೂತಿ ಹಚ್ಚಿಕೊಂಡು, ನಿಮಗೆ ಫ್ಲಾಸ್ಕಿನಲ್ಲಿ ಕಾಫಿ ತರುತ್ತಿತ್ತು. ತಮ್ಮ ಕೈಲಿ ಇನ್ನೇನೂ ಇಲ್ಲ ಎನ್ನಿಸಿದಾಗ ಅವರು ಹರಕೆ ಹೊತ್ತರು. ಡಾಕ್ಟರ ಕೈಯಲ್ಲಿ ಔಷಧ ಇತ್ತು, ನಿಮ್ಮ ಕೈಯಲ್ಲಿ ಮಗು ಇತ್ತು. ಅವರ ಹತ್ತಿರ ಹರಕೆಯೊಂದೇ ಇತ್ತು. ಅಣ್ಣನವರು ಫೋನಿನಲ್ಲಿ ಕುಳಿತು ಅದನ್ನು ಮೂಢನಂಬಿಕೆ ಎಂದು ತಳ್ಳಿಹಾಕಿದ್ದು ನನಗೆ ಸರಿ ಕಾಣಲಿಲ್ಲ. ಆದರೆ ಹರಕೆಯ ಹೊರೆಯನ್ನು ಮಗುವಿನ ಮೈಮೇಲೆ, ಸೊಸೆಯ ತಲೆಮೇಲೆ ಹಾಕುವುದೂ ಸರಿಯಲ್ಲ. ಹರಕೆ ಹೊತ್ತವರು ದೊಡ್ಡವರು. ಕೊಟ್ಟ ಮಾತೂ ದೊಡ್ಡವರದ್ದೇ. ನಾಲ್ಕು ವರ್ಷದ ಮಗು ಯಾವ ದೇವರಿಗೂ ಸಾಲಗಾರನಲ್ಲ.

ಅವರು ಯಾರಿಗೆ ಹರಕೆ ಹೊತ್ತಿದ್ದಾರೆ ಎಂಬುದನ್ನೂ ಸ್ವಲ್ಪ ನೋಡೋಣ. ತಿಪ್ಪೇರುದ್ರಸ್ವಾಮಿಯನ್ನು ನಮ್ಮ ಕಡೆ ಎಲ್ಲರೂ ನೆನೆಯುವುದು "ಮಾಡಿದಷ್ಟು ನೀಡು ಭಿಕ್ಷೆ" ಎಂಬ ಮಾತಿನಿಂದ. ಚಳ್ಳಕೆರೆ ಸೀಮೆಯ ಬರದ ನೆಲದಲ್ಲಿ ಜನರನ್ನು ಸೇರಿಸಿ ಕೆರೆ ಕಟ್ಟಿಸಿದ ಸ್ವಾಮಿ ಅದು. ದುಡಿಮೆಯನ್ನೇ ಪೂಜೆ ಎಂದು ತೋರಿಸಿದವರು. ಆಸ್ಪತ್ರೆಯಲ್ಲಿ ನೀವು ದಿನಾ ಮಾಡಿದ್ದೇನು? ಮಗ ಉಚ್ಚೆ ಹೊಯ್ದಾಗಲೆಲ್ಲ ಅಳತೆ ಜಗ್ಗಿನಲ್ಲಿ ಹಿಡಿದು, ಎಷ್ಟಾಯಿತು ಎಂದು ಚಾರ್ಟಿನಲ್ಲಿ ಬರೆದಿರಿ. ಕುಡಿದ ನೀರನ್ನೂ ಬರೆದಿರಿ. ಬೆಳಿಗ್ಗೆ ತೂಕಕ್ಕೆ ಎತ್ತಿಕೊಂಡು ಹೋದಿರಿ. ನೀವು ಸ್ನಾನಕ್ಕೆ ಹೋದಾಗ ಪಕ್ಕದ ಹಾಸಿಗೆಯ ಹರಿಹರದ ಸಾಬರ ಹೆಣ್ಣುಮಗಳು ನಿಮ್ಮ ಮಗನ ಜಗ್ಗು ಹಿಡಿದು, ಗೆರೆ ನೋಡಿ, ಅಕ್ಷರ ಬಾರದಿದ್ದರೂ ಬೆರಳಲ್ಲಿ ಎಣಿಸಿ ನೆನಪಿಟ್ಟುಕೊಂಡು ನಿಮಗೆ ಹೇಳಿದರು ಎಂದು ಬರೆದಿದ್ದೀರಿ. ನಿಮ್ಮ ಪತ್ರದಲ್ಲಿ ನಾನು ಮತ್ತೆ ಮತ್ತೆ ಓದಿದ್ದು ಈ ಸಾಲನ್ನು. ಆ ವಾರ್ಡಿನಲ್ಲಿ ಸ್ವಾಮಿಯ ಭಕ್ತಿ ನಡೆಯಲಿಲ್ಲ ಎಂದು ಯಾರು ಹೇಳಿದರು? ನೀವಿಬ್ಬರೂ ದಿನವಿಡೀ ಅದನ್ನೇ ಮಾಡಿದಿರಿ.

ಇನ್ನು ವಿಭೂತಿ ಗಲಾಟೆ. ಅತ್ತೆ ಮಠದ ವಿಭೂತಿಯನ್ನು ಹಾಲಿನಲ್ಲಿ ಕಲಸಿ ಕುಡಿಸಲು ಹೋದಾಗ ನರ್ಸ್ ಎಲ್ಲರ ಎದುರು ಕೂಗಾಡಿದರು, ಅತ್ತೆ ಅತ್ತುಬಿಟ್ಟರು ಎಂದಿದ್ದೀರಿ. ನರ್ಸ್ ಹೇಳಿದ್ದು ಸರಿ, ಹೇಳಿದ ರೀತಿ ತಪ್ಪು. ಈ ಕಾಯಿಲೆಯಲ್ಲಿ ಮಗುವಿನ ಮೈಯಲ್ಲಿ ಸೋಂಕು ತಡೆಯುವ ಶಕ್ತಿ ಕುಗ್ಗಿರುತ್ತದೆ, ಸ್ಟೀರಾಯ್ಡ್ ಅದನ್ನು ಇನ್ನೂ ಕುಗ್ಗಿಸುತ್ತದೆ. ಹಾಗಾಗಿ ವಿಭೂತಿ ಹಣೆಗಿರಲಿ, ಬಾಯಿಗೆ ಬೇಡ. ತೀರ್ಥವೂ ಅಷ್ಟೇ, ದೊಡ್ಡವರು ತೆಗೆದುಕೊಂಡರೆ ಸಾಕು. ಊದಿಕೊಂಡಿರುವಷ್ಟು ದಿನ ಉಪ್ಪು ಕಡಿಮೆ ಮಾಡಿ ಎಂದಿರುತ್ತಾರೆ. ಯಾರ ಮನೆಯ ಪ್ರಸಾದ ಬಂದರೂ ಉಪ್ಪಿನದಾದರೆ ಕಣ್ಣಿಗೆ ಒತ್ತಿಕೊಂಡು ಪಕ್ಕಕ್ಕಿಡಿ. ಮಗ ಮಂಡಕ್ಕಿ, ಮಿರ್ಚಿ ಬೇಕು ಎಂದು ಆಸ್ಪತ್ರೆ ಗೇಟಿನಲ್ಲೇ ಹಟ ಮಾಡಿ ಉರುಳಾಡಿದ ಎಂದಿರಿ. ದಾವಣಗೆರೆಗೆ ಬಂದ ಮಗುವಿಗೆ ಮಂಡಕ್ಕಿ ಬೇಡ ಅನ್ನುವುದು ಸುಲಭವಲ್ಲ! ಸ್ಟೀರಾಯ್ಡಿನಿಂದ ಹಸಿವೆಯೂ ಜಾಸ್ತಿಯಾಗುತ್ತದೆ, ಸಿಟ್ಟೂ ಜಾಸ್ತಿಯಾಗುತ್ತದೆ, ಮುಖ ದುಂಡಗಾಗುತ್ತದೆ. ಮಗು ಕೆಟ್ಟುಹೋಯಿತು ಎಂದುಕೊಳ್ಳಬೇಡಿ. ಅದು ಮಾತ್ರೆಯ ಕೆಲಸ. ಡೋಸು ಇಳಿದಂತೆ ಕಡಿಮೆಯಾಗುತ್ತದೆ.

ಆ ಮಾತ್ರೆಯನ್ನು ಮಾತ್ರ ಯಾರು ಹೇಳಿದರೂ ನೀವಾಗಿಯೇ ನಿಲ್ಲಿಸಬೇಡಿ. ಯಾರೋ ಸಂಬಂಧಿಕರು ಬೇರಿನ ಔಷಧ ಕೊಡುತ್ತೇವೆ, ಇಂಗ್ಲಿಷ್ ಮಾತ್ರೆ ಬಿಡಿ ಎಂದರಂತೆ. ಬಹಳ ದಿನ ಸ್ಟೀರಾಯ್ಡ್ ತೆಗೆದುಕೊಂಡ ಮೈ ತನ್ನದೇ ಸ್ಟೀರಾಯ್ಡ್ ತಯಾರಿಸುವುದನ್ನು ಕಡಿಮೆ ಮಾಡಿರುತ್ತದೆ. ಥಟ್ಟನೆ ನಿಲ್ಲಿಸಿದರೆ ಮಗುವಿನ ಪ್ರಾಣಕ್ಕೇ ಅಪಾಯ. ಅವರ ಪ್ರೀತಿಗೆ ಕೈ ಮುಗಿಯಿರಿ, ಬೇರನ್ನು ವಾಪಸ್ಸು ಕೊಡಿ.

ನೀವು ಕೇಳದಿದ್ದರೂ ಒಂದು ವಿಷಯ ಹೇಳಲೇಬೇಕು. ನಮ್ಮ ಚಿತ್ರದುರ್ಗ, ದಾವಣಗೆರೆ ಕಡೆ ಮಕ್ಕಳ ಮೈಮೇಲೆ ನೀರುಗುಳ್ಳೆ ಎದ್ದರೆ ಅಮ್ಮ ಬಂದಳು ಎನ್ನುತ್ತೇವೆ. ಬೇವಿನ ಸೊಪ್ಪು ಕಟ್ಟುತ್ತೇವೆ, ಔಷಧ ಮುಟ್ಟುವುದಿಲ್ಲ, ಆಸ್ಪತ್ರೆಗೆ ಹೋಗುವುದಿಲ್ಲ. ಹಿಂದೆ ಆ ಹೆಸರಿನಲ್ಲಿ ಹೆದರಿಸುತ್ತಿದ್ದ ದೊಡ್ಡ ಸಿಡುಬು ಲೋಕದಿಂದಲೇ ಹೋಯಿತೆಂದು 1980ರಲ್ಲಿ ಸಾರಿದರು. ಈಗ ಬರುವುದು ಹೆಚ್ಚಾಗಿ ಚಿಕನ್‌ಪಾಕ್ಸ್. ಗಟ್ಟಿ ಮಗುವಿಗೆ ಅದು ಸಾಮಾನ್ಯವಾಗಿ ತಾನಾಗಿ ಇಳಿಯುತ್ತದೆ. ಸ್ಟೀರಾಯ್ಡ್ ತೆಗೆದುಕೊಳ್ಳುವ ಮಗುವಿಗೆ ಹಾಗಲ್ಲ, ಜೀವಕ್ಕೇ ಬರಬಹುದು. ಅಂಗನವಾಡಿಯಲ್ಲೋ ಪಕ್ಕದ ಮನೆಯಲ್ಲೋ ಯಾರಿಗಾದರೂ ಬಂದು ನಿಮ್ಮ ಮಗ ಅವರ ಹತ್ತಿರ ಆಡಿದ್ದರೆ, ಗುಳ್ಳೆ ಏಳುವವರೆಗೆ ಕಾಯಬೇಡಿ, ಅದೇ ದಿನ ಡಾಕ್ಟರಿಗೆ ತಿಳಿಸಿ. ಬೇಗ ಹೋದರೆ ಕೊಡುವ ಔಷಧ ಇದೆ. ಗುಳ್ಳೆ ಎದ್ದೇಬಿಟ್ಟರೆ ಮಗುವನ್ನು ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಬೇವಿನ ಸೊಪ್ಪು ಬಾಗಿಲಿಗೆ ಇರಲಿ, ದುಗ್ಗಮ್ಮನಿಗೆ ಅತ್ತೆ ಮನೆಯಲ್ಲೇ ಕೈ ಮುಗಿಯಲಿ. ಲಸಿಕೆಗಳ ವಿಷಯವನ್ನೂ ಡಾಕ್ಟರ ಹತ್ತಿರ ಕೇಳಿ. ಈ ಮಾತ್ರೆ ಜಾಸ್ತಿ ಪ್ರಮಾಣದಲ್ಲಿ ನಡೆಯುವಾಗ ಕೆಲವು ಲಸಿಕೆ ಮುಂದೆ ಹಾಕಬೇಕಾಗುತ್ತದೆ, ನ್ಯುಮೋನಿಯಾ ತಡೆಯುವಂಥ ಕೆಲವನ್ನು ಹಾಕಿಸಲೇಬೇಕಾಗುತ್ತದೆ.

ಜಾತ್ರೆಗೆ ಹೋಗಬೇಡಿ ಎಂದು ಡಾಕ್ಟರು ಹೇಳಿದ್ದೂ ಇದಕ್ಕೇ. ಫಾಲ್ಗುಣದ ಬಿಸಿಲು, ಧೂಳು, ತೇರಿನ ಸುತ್ತ ಲಕ್ಷಗಟ್ಟಲೆ ಜನ, ಎತ್ತ ನೋಡಿದರೂ ಕೊಬ್ಬರಿ ಸುಡುವ ಹೊಗೆ. ಅಲ್ಲಿಂದ ಈ ಮಗು ಒಂದು ಕೆಮ್ಮು ಹೊತ್ತು ತಂದರೂ ಸಾಕಿತ್ತು. ನೀವು ಹೋಗದೆ ಇದ್ದದ್ದೇ ಒಳ್ಳೆಯದಾಯಿತು.

ಹಾಗಾದರೆ ಹರಕೆ? ತೀರಿಸಿ. ಅತ್ತೆಯವರು ಮಾತು ಕೊಟ್ಟಿದ್ದಾರೆ, ಅವರ ಮನಸ್ಸಿಗೆ ಅದು ಮುಳ್ಳಾಗಿ ಉಳಿಯುವುದು ಬೇಡ. ಸ್ವಾಮಿ ಹಟ್ಟಿಯಲ್ಲಿರುವುದು ಜಾತ್ರೆಯ ದಿನ ಮಾತ್ರವಲ್ಲ. ಜನ ಕಡಿಮೆ ಇರುವ ಒಂದು ದಿನ ಅತ್ತೆ, ನಿಮ್ಮ ಯಜಮಾನರು ಇಬ್ಬರೇ ಹೋಗಿ ಒಳಮಠ, ಹೊರಮಠ ಎರಡೂ ಕಡೆ ಪೂಜೆ ಮಾಡಿಸಿ, ಕೊಬ್ಬರಿ ಹರಕೆ ಒಪ್ಪಿಸಿ ಬರಲಿ. ಮುಡಿಗೆ ಮಾತ್ರ ಆತುರ ಬೇಡ. ಕತ್ತಿ ತಾಗಿ ತಲೆಯಲ್ಲಿ ಸಣ್ಣ ಗಾಯವಾದರೂ ಈಗ ಈ ಮಗುವಿಗೆ ಅದು ಕೀವಾಗಬಹುದು. ಅಷ್ಟರವರೆಗೆ ಹಳದಿ ಬಟ್ಟೆಯಲ್ಲಿ ಮುಡಿಪು ಕಟ್ಟಿ ದೇವರ ಮುಂದೆ ಇಡಿ. ಮಾತ್ರೆ ನಿಂತು ಡಾಕ್ಟರು ಹೂಂ ಅಂದ ಮೇಲೆ ಕೂದಲು ಕೊಡಿ. ತಡವಾಯಿತು ಎಂದು ಮುನಿಯುವ ಸ್ವಾಮಿಯಲ್ಲ ಅವರು.

ಉಡಿದಾರವನ್ನೂ ಕಿತ್ತು ಹಾಕಬೇಕಿಲ್ಲ. ಬೆರಳು ಆಡುವಷ್ಟು ಸಡಿಲ ಕಟ್ಟಿ, ದಿನಾ ಸ್ನಾನದ ಹೊತ್ತಿನಲ್ಲಿ ನೋಡಿ. ಬಿಗಿಯಾಗಿದೆ ಎನಿಸಿದರೆ ಊತ ಶುರುವಾಗಿದೆ ಎಂದೇ ತಿಳಿದು ಆಸ್ಪತ್ರೆಗೆ ಫೋನ್ ಮಾಡಿ. ಇಷ್ಟೇ ನೆಚ್ಚಿಕೊಳ್ಳಬೇಡಿ. ಬೆಳಗಿನ ಉಚ್ಚೆಗೆ ಪಟ್ಟಿ ಅದ್ದಿ ಬಣ್ಣ ನೋಡುವುದನ್ನು ಡಿಸ್ಚಾರ್ಜ್ ಮಾಡುವಾಗ ಕಲಿಸಿದ್ದಾರಲ್ಲ, ಅದನ್ನು ಬಿಡಬೇಡಿ, ಪುಸ್ತಕದಲ್ಲಿ ಬರೆಯಿರಿ. ಪಟ್ಟಿಯ ಬಣ್ಣ ತೋರಿಸುವ ಪ್ರೊಟೀನ್ ಮಟ್ಟ ಮೂರು ದಿನ ಸತತ ಮೂರು ಪ್ಲಸ್ ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಮರುಕಳಿಸಿದೆ ಎಂದರ್ಥ. ಹಾಗೆ ಬೇಗ ಹಿಡಿದರೆ ಮೈ ಊದುವ ಮೊದಲೇ ಔಷಧ ಶುರು ಮಾಡಬಹುದು. ಜ್ವರ, ಜೋರು ಹೊಟ್ಟೆನೋವು, ಉಚ್ಚೆ ತೀರಾ ಕಡಿಮೆಯಾಗುವುದು, ಇವು ಬಂದರೆ ಬೆಳಗಾಗಲಿ ಎಂದು ಕಾಯದೆ ಹೊರಡಿ.

ಖರ್ಚಿಗೆ ಒಡವೆ ಗಿರವಿ ಇಟ್ಟಿದ್ದನ್ನು ಪತ್ರದ ಕೊನೆಯಲ್ಲಿ ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ್ದೀರಿ. ನಿಮ್ಮದು ಬಿಪಿಎಲ್ ಕಾರ್ಡು. ಆಯುಷ್ಮಾನ್ ಭಾರತ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ. ಮತ್ತೆ ಸೇರಿಸಬೇಕಾಗಿ ಬಂದರೆ ದುಡ್ಡು ಕಟ್ಟುವ ಮೊದಲೇ, ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡಿಕೊಳ್ಳುವ ಆರೋಗ್ಯ ಮಿತ್ರರ ಮೇಜಿಗೆ ಹೋಗಿ ಕೇಳಿ.

ಇಷ್ಟರಲ್ಲಿ ನಿಮ್ಮ ಹಿರಿಮಗಳನ್ನು ಎಲ್ಲರೂ ಮರೆತ ಹಾಗಿದೆ. ಎಂಟು ವರ್ಷದ ಹುಡುಗಿ, ತವರಿನಲ್ಲಿ ಬಿಟ್ಟಿರಿ. "ತಮ್ಮನಿಗೆ ನಾನು ಹೊಡೆದಿದ್ದಕ್ಕೆ ಮುಖ ಊದಿತಾ?" ಎಂದು ಅವಳು ಕೇಳಿದಳಂತೆ. ನೋಡಿ, ಅಜ್ಜಿಗೆ ಹರಕೆ, ನಿಮಗೆ ನಿಮ್ಮ ಕೈ, ಅವಳಿಗೆ ಒಂದು ಏಟು. ಮನೆಯಲ್ಲಿ ಎಲ್ಲರೂ ತಪ್ಪನ್ನು ತಮ್ಮ ಹತ್ತಿರವೋ ಇನ್ನೊಬ್ಬರ ಹತ್ತಿರವೋ ಹುಡುಕುತ್ತಿದ್ದೀರಿ. ಯಜಮಾನರ ಮೌನದಲ್ಲೂ ಅದೇ ಇರಬಹುದು. ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ನಿನ್ನಿಂದ ಅಲ್ಲ ಪುಟ್ಟಾ, ಎಂದು ಇವತ್ತೇ ಹೇಳಿ. ಬೆಳಗಿನ ಪಟ್ಟಿಯ ಬಣ್ಣ ಪುಸ್ತಕದಲ್ಲಿ ಬರೆಯುವ ಕೆಲಸ ಅವಳಿಗೆ ಕೊಡಿ, ಖುಷಿಯಿಂದ ಮಾಡುತ್ತಾಳೆ.

ಈಗೀಗ ದೀಪ ಹಚ್ಚಲು ಕೈ ಬರುವುದಿಲ್ಲ, ದೇವರ ಮುಂದೆ ನಿಂತರೆ ಏನೂ ತೋಚುವುದಿಲ್ಲ ಎಂದು ಬರೆದಿದ್ದೀರಿ. ಬಾರದಿದ್ದರೆ ಬೇಡ. ಅತ್ತೆ ಹಚ್ಚುತ್ತಾರೆ. ನೀವು ಆ ಹೊತ್ತಿನಲ್ಲಿ ಸುಮ್ನೆ ಮಲಗಿ, ನಿದ್ದೆ ಮಾಡಿ. ನಿಮ್ಮ ಕಣ್ಣಿಗೆ ಸರಿಯಾಗಿ ನಿದ್ದೆ ಹತ್ತಿ ಎಷ್ಟೋ ತಿಂಗಳಾಗಿದೆ ಎಂದು ಪತ್ರ ಓದಿದರೇ ಗೊತ್ತಾಗುತ್ತದೆ. ದೇವರ ಹತ್ತಿರ ಮುನಿಸಿಕೊಳ್ಳುವುದು ನಮ್ಮ ಕಡೆ ಹೊಸದೇನಲ್ಲ. ಮನೆದೇವರನ್ನು ಬೈಯುತ್ತಲೇ ಪೂಜೆ ಮಾಡಿದ ಅಜ್ಜಿಯರು ಎಲ್ಲರ ಮನೆಯಲ್ಲೂ ಇದ್ದಾರೆ.

ಕೊನೆಯದಾಗಿ ಒಂದು ಬೇಡಿಕೆ. ಮುಂದಿನ ತಪಾಸಣೆಗೆ ದಾವಣಗೆರೆಗೆ ಹೋಗುವಾಗ ಅತ್ತೆಯವರನ್ನೂ ಕರೆದುಕೊಂಡು ಹೋಗಿ. ವರಾಂಡದಲ್ಲಿ ಕೂರಿಸಬೇಡಿ, ಡಾಕ್ಟರ ಕೋಣೆಯೊಳಗೇ ಕರೆದುಕೊಂಡು ಹೋಗಿ, ಕುರ್ಚಿ ಕೊಡಿಸಿ. "ಹರಕೆ ತೀರಿಸಲಿಲ್ಲ, ಅದಕ್ಕೇ ಮತ್ತೆ ಬಂತಾ ಸಾರ್?" ಎಂದು ಅವರೇ ಬಾಯಿಬಿಟ್ಟು ಕೇಳಲಿ. ಉತ್ತರ ಅವರ ಕಿವಿಗೇ ಬೀಳಲಿ. ಡಾಕ್ಟರು ಏನಂದರು, ಅತ್ತೆ ಏನಂದರು, ನನಗೊಂದು ಕಾರ್ಡು ಬರೆಯಿರಿ.

ನಿಮ್ಮ
ಸಂಪಾದಕ