ಯುದ್ಧ ಚಿತ್ರಿಸಿ ಬಂದ ಮೇಲೆ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಆಸ್ಟ್ರೇಲಿಯದ ಚಿತ್ರಕಲಾವಿದೆ, ವಯಸ್ಸು ನಲವತ್ತರ ಆಸುಪಾಸು. ಸಂಸ್ಥೆಯೊಂದರ ಪರವಾಗಿ ಯುದ್ಧವನ್ನು ಚಿತ್ರಿಸುವ ಅಧಿಕೃತ ಯುದ್ಧ ಕಲಾವಿದೆಯಾಗಿ ಅಫ್ಘಾನಿಸ್ತಾನದ ಸೇನಾ ನೆಲೆಗಳಲ್ಲಿ ಕೆಲವು ವಾರ ಇದ್ದು ಮರಳಿದ್ದರು. ಸ್ಕೆಚ್‌ಬುಕ್ ತುಂಬಿತ್ತು, ಕ್ಯಾನ್ವಾಸ್ ಖಾಲಿ. ನಡುರಾತ್ರಿ ಎಚ್ಚರ, ಸೈರನ್ ಕೇಳಿದರೆ ಎದೆ ಡವಡವ, ಸಂಜೆಯಾದರೆ ವೈನ್. ಸಲಹೆಗೆ ಬರಲು ತಡಮಾಡಿದ್ದಕ್ಕೆ ಅವರ ಕಾರಣ: "ಗುಂಡಿಗೆ ಎದೆಯೊಡ್ಡಿದವರು ಸೈನಿಕರು. ಪೆನ್ಸಿಲ್ ಹಿಡಿದು ನಿಂತಿದ್ದ ನನಗೆಂಥ ಆಘಾತ?"

ಮೊದಲು ಈ ಗಂಟು ಬಿಚ್ಚಬೇಕಿತ್ತು. ಫೋಟೊ, ವಿಡಿಯೊಗಳಲ್ಲಿ ಕಂಡ ಭೀಕರತೆಯನ್ನು ಮಾನಸಿಕ ಕಾಯಿಲೆಗಳ ರೋಗನಿರ್ಣಯಕ್ಕೆ ಬಳಸುವ 2013ರ ಡಿಎಸ್‌ಎಂ-5 ಕೈಪಿಡಿ ಆಘಾತವೆಂದು ಎಣಿಸುವುದಿಲ್ಲ. ಆದರೆ ನೋಡುವುದೇ ವೃತ್ತಿಯಾಗಿದ್ದರೆ ಎಣಿಸುತ್ತದೆ. ಆಘಾತದ ನಂತರದ ಲಕ್ಷಣಗಳನ್ನು ಅಳೆಯುವ ಪಿಸಿಎಲ್-5 ಪ್ರಶ್ನಾವಳಿ ಕೊಟ್ಟೆವು: 20 ಪ್ರಶ್ನೆ, ಗರಿಷ್ಠ 80 ಅಂಕ, 31–33ರಿಂದ ಮೇಲೆ ಬಂದರೆ ತಜ್ಞರ ತಪಾಸಣೆ ಬೇಕು. ಇವರದು 41. ಅಂಕವೇ ರೋಗನಿರ್ಣಯವಲ್ಲ, ಹಾಗಾಗಿ ಆಘಾತ ಚಿಕಿತ್ಸೆ ಬಲ್ಲ ಮನಶ್ಶಾಸ್ತ್ರಜ್ಞರಲ್ಲಿಗೂ ಕಳಿಸಿದೆವು. ಉಳಿದದ್ದು ಸ್ಟುಡಿಯೊದ ಮಾತು.

ದೊಡ್ಡ ತೊಂದರೆ ಇದ್ದದ್ದು ಅಲ್ಲಿನ ಗೋಡೆಯಲ್ಲೇ. ಗಾಯಾಳುಗಳ ಫೋಟೊಗಳನ್ನು ದೊಡ್ಡದಾಗಿ, ಬಣ್ಣದಲ್ಲಿ ಮುದ್ರಿಸಿ ಅಂಟಿಸಿದ್ದರು. ಊಟವೂ ಅದರೆದುರೇ. ದಿನವಿಡೀ ಕಣ್ಣಿಗೆ ಬಿದ್ದರೆ ಅಭ್ಯಾಸವಾಗಿ ಹೋಗುತ್ತದೆ ಎಂದು ನಂಬಿದ್ದರು. ಹಾಗಾಗುವುದಿಲ್ಲ. ಚಿಕಿತ್ಸೆಯಲ್ಲಿ ನೆನಪನ್ನು ಎದುರಿಸುವುದಕ್ಕೆ ಒಂದು ಆರಂಭ, ಒಂದು ಕೊನೆ ಇರುತ್ತದೆ, ಜೊತೆಗಾರರೂ ಇರುತ್ತಾರೆ. ಗೋಡೆಗೆ ಅದಾವುದೂ ಇಲ್ಲ.

ಎಲ್ಲ ಇಳಿಸಿ ಮುಚ್ಚಳದ ಪೆಟ್ಟಿಗೆಗೆ ಹಾಕಲು ಹೇಳಿದೆವು. ಆ ದಿನದ ಕೆಲಸಕ್ಕೆ ಬೇಕಾದ ಒಂದೆರಡನ್ನಷ್ಟೇ ಅಂಗೈಯಗಲಕ್ಕೆ, ಕಪ್ಪು-ಬಿಳುಪಿನಲ್ಲಿ ಮುದ್ರಿಸುವುದು. ಸಾಮಾಜಿಕ ಜಾಲತಾಣಗಳ ಹಿಂಸಾತ್ಮಕ ವಿಡಿಯೊ ಪರಿಶೀಲಿಸುವವರೂ ಬಣ್ಣ ತೆಗೆದು ನೋಡುವುದುಂಟು. ಬಣ್ಣದ ಮಾಹಿತಿಗೆ ಸ್ಕೆಚ್‌ಬುಕ್‌ನಲ್ಲಿ ಬರೆದುಕೊಂಡ ಟಿಪ್ಪಣಿ ಸಾಕು. 45 ನಿಮಿಷಕ್ಕೊಮ್ಮೆ ಫೋಟೊ ಮಗುಚಿ ಹೊರಗೆ ನಡೆಯುವುದು, ಸಂಜೆ ಆರರ ಮೇಲೆ ಪೆಟ್ಟಿಗೆ ತೆರೆಯದಿರುವುದು. ಎಣ್ಣೆಬಣ್ಣ ತೆಳುಗೊಳಿಸುವ ಟರ್ಪೆಂಟೈನ್ ವಾಸನೆಗೆ ನೆಲೆಯ ಡೀಸೆಲ್ ನೆನಪಾಗುತ್ತಿತ್ತು. ಕೆಲವು ವಾರ ನೀರಿನಲ್ಲಿ ಕಲಸುವ ಎಣ್ಣೆಬಣ್ಣ ಬಳಸಲಿ ಎಂದೆವು. ಆದರೆ ಶಾಶ್ವತವಾಗಿ ಅಲ್ಲ, ತಪ್ಪಿಸಿಕೊಂಡಷ್ಟೂ ಹೆದರಿಕೆ ಬೆಳೆಯುತ್ತದೆ.

ಭಾವಚಿತ್ರಕ್ಕೆ ಕೂರಲು ಬಂದ ಮಾಜಿ ಸೈನಿಕರು ತಮ್ಮ ಕಥೆಗಳನ್ನೂ ಇಳಿಸಿ ಹೋಗುತ್ತಿದ್ದರು, ಕೆಲವರು ರಾತ್ರಿ ಫೋನ್ ಮಾಡುತ್ತಿದ್ದರು. ಇದಕ್ಕೆ ಕಟ್ಟುಪಾಡು ಬೇಕು: ವಾರಕ್ಕೆ ಇಬ್ಬರೇ, ಒಂದೂವರೆ ಗಂಟೆ, 25 ನಿಮಿಷಕ್ಕೊಂದು ವಿರಾಮ, ಹೇಳಿದ್ದನ್ನು ಒಪ್ಪಿಗೆಯಿಲ್ಲದೆ ಚಿತ್ರಿಸುವುದಿಲ್ಲ ಎಂಬ ಮಾತು ಮೊದಲೇ. ಸಾಯುವ ಮಾತು ಬಂದರೆ ಕುಂಚ ಕೆಳಗಿಟ್ಟು ನೇರವಾಗಿ ಕೇಳಬೇಕು, ತಕ್ಷಣದ ಅಪಾಯವಿದ್ದರೆ ಆಸ್ಟ್ರೇಲಿಯದ ತುರ್ತು ಸಂಖ್ಯೆ 000ಕ್ಕೆ ಕರೆ ಮಾಡಬೇಕು.

"ಕಣ್ಣಾರೆ ಕಾಣದ್ದನ್ನು ಚಿತ್ರಿಸಬಹುದೇ?" ಎಂದೂ ಕೇಳಿದರು. 1993ರಲ್ಲಿ ಯುದ್ಧ ನಡೆಯುತ್ತಿದ್ದ ಬಾಸ್ನಿಯಾಕ್ಕೆ ಹೋದ ಬ್ರಿಟಿಷ್ ಕಲಾವಿದ ಪೀಟರ್ ಹೌಸನ್ ಅವರು ಸಂತ್ರಸ್ತರ ಮಾತು ಕೇಳಿ ಬರೆದ ಅತ್ಯಾಚಾರದ ಚಿತ್ರ ದೊಡ್ಡ ವಿವಾದವಾಗಿತ್ತು. ಉತ್ತರ ಕಲಾವಿದೆಯದೇ. ಅದನ್ನು ನಿದ್ದೆಗೆಟ್ಟ ರಾತ್ರಿಯಲ್ಲಿ ತೀರ್ಮಾನಿಸಬೇಡಿ ಎಂದಷ್ಟೇ ಹೇಳಿದೆವು.

ಗಡುವಿನ ಬಗ್ಗೆ ಅವರನ್ನು ಕಳಿಸಿದ್ದ ಸಂಸ್ಥೆಗೆ ಪತ್ರ ಬರೆಸಿದೆವು: ಮೊದಲು ರೇಖಾಚಿತ್ರಗಳು, ಕ್ಯಾನ್ವಾಸ್‌ಗಳು ಆಮೇಲೆ. ಒಪ್ಪಿಗೆ ಬಂತು. ಮೂರು ತಿಂಗಳ ಬಳಿಕ ಅಂಕ 26, ವೈನ್ ವಾರಾಂತ್ಯಕ್ಕಷ್ಟೇ. ಸೈರನ್‌ಗೆ ಬೆಚ್ಚುವುದು ಉಳಿದಿದೆ, ಅದರ ಚಿಕಿತ್ಸೆ ನಡೆಯುತ್ತಿದೆ.