ಪದ್ಯ ಬಾಯಿಪಾಠ ಇರಲಿ, ಅರ್ಥ ಮಗಳದ್ದೇ ಇರಲಿ

ಬ್ರಹ್ಮಾವರದಿಂದ ಪತ್ರ ಬರೆದ ತಾಯಿಗೆ,

ನಿಮ್ಮ ಎಂಟನೇ ಕ್ಲಾಸಿನ ಮಗಳ ಡ್ರಾಯಿಂಗ್ ಪೀರಿಯಡ್ಡನ್ನು ಗಣಿತಕ್ಕೆ ಕೊಟ್ಟಿದ್ದಾರೆ, ಕೇಳಿದರೆ 'ಎಸ್ಸೆಸ್ಸೆಲ್ಸಿಗೆ ಡ್ರಾಯಿಂಗ್ ಉಂಟಾ?' ಅಂದರು ಅಂತ ಬರೆದಿದ್ದೀರಿ. ಜೊತೆಗೆ ನಮಗೂ ಒಂದು ಏಟು: 'ನೀವು ಸೃಜನಶೀಲತೆ ಅಂತ ಲೇಖನ ಹಾಕ್ತೀರಿ, ಮಾರ್ಕ್ಸ್ ಬೇಡ್ವಾ?'

ಬೇಕು. 2024ರ ಎಸ್ಸೆಸ್ಸೆಲ್ಸಿಯಲ್ಲಿ ಉಡುಪಿ ರಾಜ್ಯಕ್ಕೇ ಮೊದಲು, ದಕ್ಷಿಣ ಕನ್ನಡ ಎರಡನೆಯದು. 2025ರಲ್ಲಿ ಅದಲುಬದಲು. ಎರಡು ಸಲವೂ ಬೀಗಿದವರಲ್ಲಿ ನಾನೂ ಒಬ್ಬ.

ಪೀರಿಯಡ್ ವಾಪಸ್ ಬಂದರೆ ಒಳ್ಳೆಯದೇ, ಪೋಷಕರ ಸಭೆಯಲ್ಲಿ ಕೇಳಿ. ಆದರೆ ಬೋರ್ಡಿನಲ್ಲಿ ಎರಡು ಗುಡ್ಡ, ನಡುವೆ ಸೂರ್ಯ ಬರೆದು 'ಇದನ್ನೇ ಬಿಡಿಸಿ' ಅಂದರೆ ಅದೂ ಕಾಪಿಯೇ ಅಲ್ವಾ? ದಿನಾ ಕಡಲಲ್ಲಿ ಸೂರ್ಯ ಮುಳುಗುವುದನ್ನು ನೋಡುವ ಮಲ್ಪೆಯ ಮಕ್ಕಳೂ ಅವನನ್ನು ಗುಡ್ಡದ ಮಧ್ಯೆಯೇ ಕೂರಿಸುತ್ತಾರೆ.

ನೀವು ಯಕ್ಷಗಾನದ ತಾಳಮದ್ದಳೆ ಕೇಳಿರುತ್ತೀರಿ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ, ಪಾತ್ರವಾಗಿ ಮಾತಾಡುವ ಅರ್ಥಧಾರಿ ಅದರ 'ಅರ್ಥ'ವನ್ನು, ಅಂದರೆ ಮಾತನ್ನು, ಅಲ್ಲೇ ಕಟ್ಟಬೇಕು. ಸಂಧಾನಕ್ಕೆ ಬಂದ ಕೃಷ್ಣನ ಎದುರು ಕೌರವ ಯಾವತ್ತೂ ಇಲ್ಲದ ಒಂದು ವಾದ ತೆಗೆದರೆ, ಕೃಷ್ಣ ನೋಟ್ಸ್ ತಿರುವಿ ಹಾಕುವ ಹಾಗಿಲ್ಲ! ಹಾಗಂತ ಕಥೆ, ಪುರಾಣ ಬಾಯಲ್ಲಿ ಇಲ್ಲದವನು ಅಲ್ಲಿ ಕೂತರೆ ಎರಡೇ ಪದ್ಯಕ್ಕೆ ಮಾತು ಖಾಲಿ. ಅದಕ್ಕೇ, ಬಾಯಿಪಾಠವೇ ತಪ್ಪು ಅನ್ನುವವರ ಜೊತೆ ನಾನಿಲ್ಲ. ಮಗ್ಗಿ ಬರಲಿ, ಸೂತ್ರ ಬರಲಿ. ಶಾಲೆ ಪದ್ಯದ ಜೊತೆ ಅರ್ಥವನ್ನೂ ಬರೆಸಿಬಿಡುತ್ತದಲ್ಲ, ನನ್ನ ತಕರಾರು ಅದು.

ನಾನು ಆರನೇ ಕ್ಲಾಸಿನಲ್ಲಿ 'ಮಳೆಗಾಲ' ಪ್ರಬಂಧ ಬರೆದಿದ್ದೆ. ತೋಡು ಉಕ್ಕಿ ಅಂಗಳಕ್ಕೆ ಬಂದದ್ದು, ಅಜ್ಜಿ ಒದ್ದೆ ಸೌದೆಗೆ ಊದಿ ಊದಿ ಸಾಕಾಗಿ ಮಳೆಗೇ ಬೈದದ್ದು, ಡಬ್ಬದಲ್ಲಿದ್ದ ಹಲಸಿನ ಹಪ್ಪಳ ಮೆತ್ತಗಾದದ್ದು. ಮಾಷ್ಟ್ರು ಕೆಂಪು ಶಾಯಿಯಲ್ಲಿ ಅಡ್ಡ ಗೀಟು ಎಳೆದು, 'ಮಳೆಯು ರೈತನ ಜೀವನಾಡಿ ಅಂತ ಶುರು ಮಾಡು' ಅಂದರು. ಮುಂದಿನ ಪರೀಕ್ಷೆಗೆ ಹಾಗೇ ಮಾಡಿದೆ. ಹತ್ತಕ್ಕೆ ಎಂಟು. ಅಜ್ಜಿ ಹೋದಳು, ಹಪ್ಪಳ ಹೋಯಿತು. ಈಗ ನಮ್ಮ ಮಕ್ಕಳ ಪುಟಕ್ಕೆ ಬರುವ ಬರಹಗಳಲ್ಲೂ ಅದೇ ಜೀವನಾಡಿ ಸಿಗುತ್ತದೆ, ನನಗೆ ಸುಮ್ನೆ ನಗು ಬರುತ್ತದೆ.

ಪುತ್ತೂರಿನ ಬಾಲವನದಲ್ಲಿ ಮಕ್ಕಳಿಗೆ ಆಟ, ನಾಟಕ ಅಂತ ಹೊರಟ ಶಿವರಾಮ ಕಾರಂತರೇ ಮಕ್ಕಳಿಗಾಗಿ ವಿಜ್ಞಾನವನ್ನೂ ಬರೆದರು. ಅವರಿಗೆ ಎರಡೂ ಬೇರೆ ಬೇರೆ ಪೀರಿಯಡ್ ಆಗಿರಲಿಲ್ಲ.

ಮನೆಯಲ್ಲಿ ಒಂದು ಮಾಡಿ ನೋಡಿ. ಪಾಠ ಓದಿ ಆದ ಮೇಲೆ ಪುಸ್ತಕ ಮುಚ್ಚಿಸಿ, ನೀವು ಕೌರವ ಆಗಿ. ಎಲೆ ಬಿಸಿಲಲ್ಲಿ ಆಹಾರ ತಯಾರಿಸುತ್ತದೆ ಅಂತ ಅವಳು ಒಪ್ಪಿಸಿದರೆ, 'ಹಾಗಾದರೆ ರಾತ್ರಿ ಉಪವಾಸವಾ? ಆಟಿ ತಿಂಗಳ ಮಳೆಯಲ್ಲಿ ವಾರಗಟ್ಟಲೆ ಬಿಸಿಲೇ ಇಲ್ಲವಲ್ಲ?' ಅಂತ ಕೇಳಿ. ಸಿಟ್ಟು ಮಾಡಿಕೊಂಡು ಅವಳೇ ಒಂದು ಉತ್ತರ ಕಟ್ಟಿದರೆ ನಮಗೆ ಕಳಿಸಿ, ಮಕ್ಕಳ ಪುಟದಲ್ಲಿ ಹಾಕುತ್ತೇವೆ. ಚಿತ್ರವೂ ಇರಲಿ. ಗುಡ್ಡದ ಸೂರ್ಯ ಮಾತ್ರ ಬೇಡ.

— ಸಂಪಾದಕ